9ನೇ ಪಿಕ್‌ಗೆ ಯಾವ ಗಾರ್ಡ್: ಸ್ಕೋರ್ ಮಾಡೋನೋ, ತಡೆಯೋನೋ?

ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಡ್ರಾಫ್ಟ್ ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸೋದು, ಒಂದೊಂದು ಸರದಿ ಒಂದು ಪಿಕ್. ನಿಮ್ಮ ಮಾಕ್ ಡ್ರಾಫ್ಟ್‌ನಲ್ಲಿ, ಅಂದರೆ ಅಣಕು ಆಯ್ಕೆಯಲ್ಲಿ, 9ನೇ ಪಿಕ್‌ಗೆ ಈ ಇಬ್ಬರು ಗಾರ್ಡ್‌ಗಳಲ್ಲಿ (ಹೊರಗಿನಿಂದ ಚೆಂಡು ಆಡಿಸೋರು) ಯಾರು ಅಂತ ಕೇಳಿದ್ದೀರಿ; ಇಬ್ಬರ ವಿವರ ಓದಿದೆ. ಒಬ್ಬ 6 ಅಡಿ 1 ಇಂಚು, ಪಂದ್ಯಕ್ಕೆ 22 ಪಾಯಿಂಟ್, ತ್ರೀ (ದೂರದ ಮೂರು ಪಾಯಿಂಟ್ ಹೊಡೆತ) ಶೇ. 38, ಫ್ರೀ ಥ್ರೋ (ಫೌಲ್ ಆದಾಗ ಸಿಗೋ ಹೊಡೆತ) ಶೇ. 86, ಆದರೆ ಡಿಫೆನ್ಸ್‌ನಲ್ಲಿ ಯಾರು ಬೇಕಾದರೂ ದಾಟಿ ಹೋಗ್ತಾರೆ. ಇನ್ನೊಬ್ಬ 6 ಅಡಿ 4 ಇಂಚು, ಎರಡೂ ಕೈ ಚಾಚಿದರೆ 6 ಅಡಿ 9 ಇಂಚು, ಬರೀ 11 ಪಾಯಿಂಟ್, ತ್ರೀ ಶೇ. 29, ಫ್ರೀ ಥ್ರೋ ಶೇ. 81, ಡಿಫೆನ್ಸ್ ಗಟ್ಟಿ. ನಿಮ್ಮ ತಂಡದಲ್ಲಿ ಚೆಂಡು ಕೈಯಲ್ಲಿಟ್ಟುಕೊಂಡು ಆಡಿಸೋ ಕುಳ್ಳ ಗಾರ್ಡ್ ಆಗಲೇ ಇದ್ದಾನೆ. ಮೇಲಿನ ಉತ್ತರಗಳಲ್ಲಿ ಅರ್ಧ ಜನ "ಡಿಫೆನ್ಸೇ ಕಪ್ ಗೆಲ್ಲಿಸೋದು" ಅಂದಿದ್ದಾರೆ, ಉಳಿದವರು "ಪಾಯಿಂಟ್ ಬರದಿದ್ದರೆ ಡಿಫೆನ್ಸ್ ಇಟ್ಟುಕೊಂಡು ಏನು ಮಾಡ್ತೀರಿ" ಅಂದಿದ್ದಾರೆ. ಎರಡೂ ಸುಳ್ಳಲ್ಲ. ಆದರೆ ಗಾರ್ಡ್ ವಿಷಯದಲ್ಲಿ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗೋದೇ ತಪ್ಪು.

ಯಾಕೆ ಅಂದರೆ, ಗಾರ್ಡ್ ಎಷ್ಟೇ ಒಳ್ಳೆ ಡಿಫೆಂಡರ್ ಆಗಿರಲಿ, ಎದುರಾಳಿ ಅವನನ್ನು ತಪ್ಪಿಸಿಕೊಂಡು ಆಡಬಹುದು. ಒಂದು ಸ್ಕ್ರೀನ್ ಹಾಕಿದರೆ, ಅಂದರೆ ಜೊತೆಗಾರ ಬಂದು ಡಿಫೆಂಡರ್ ದಾರಿಗೆ ಅಡ್ಡ ನಿಂತರೆ, ಸಾಕು. ಕೆಟ್ಟ ಡಿಫೆಂಡರನ್ನು ಮಾತ್ರ ಹುಡುಕಿಕೊಂಡು ಬರ್ತಾರೆ. 2016ರ ಫೈನಲ್ಸ್‌ನ ಏಳನೇ ಪಂದ್ಯ ನೆನಪಿಸಿಕೊಳ್ಳಿ. 89-89, ಒಂದು ನಿಮಿಷಕ್ಕಿಂತ ಕಡಿಮೆ ಉಳಿದಿದೆ. ಕ್ಲೀವ್‌ಲ್ಯಾಂಡ್‌ನ ಕೈರಿ ಅರ್ವಿಂಗ್ ಎದುರು ನಿಂತಿದ್ದವನು ಗೋಲ್ಡನ್ ಸ್ಟೇಟ್‌ನ ಕ್ಲೇ ಥಾಂಪ್ಸನ್. ಜೆ.ಆರ್. ಸ್ಮಿತ್ ಬಂದು ಸ್ಕ್ರೀನ್ ಹಾಕಿದ; ಸ್ಮಿತ್‌ನನ್ನು ಕಾಯ್ತಿದ್ದವನು ಸ್ಟೆಫ್ ಕರಿ. ಸ್ವಿಚ್ ಆಯ್ತು (ಕಾಯೋರು ಅದಲುಬದಲಾದರು), ಥಾಂಪ್ಸನ್ ಆಚೆ ಹೋದ, ಅರ್ವಿಂಗ್ ಕರಿಯ ತಲೆ ಮೇಲಿಂದ ತ್ರೀ ಹೊಡೆದ. ಹಾಗಂತ 2009ರಲ್ಲಿ 7ನೇ ಪಿಕ್‌ಗೆ ಕರಿಯನ್ನು ತೆಗೆದುಕೊಂಡದ್ದು ತಪ್ಪು ಅಂತ ಯಾರಾದರೂ ಹೇಳ್ತಾರಾ? ಆ ಫೈನಲ್ಸ್ ನಡೆದ 2016ರಲ್ಲೇ ಅವನು ಒಂದು ಮತವೂ ಬಿಡದೆ ಎಂವಿಪಿ (ಲೀಗ್‌ನ ಅತ್ಯುತ್ತಮ ಆಟಗಾರ) ಆಗಿದ್ದ.

ಇದರಿಂದ ನಾನು ಹಿಡಿದುಕೊಂಡಿರೋ ಲೆಕ್ಕ ಇಷ್ಟು: ಗಾರ್ಡ್‌ಗೆ ಅಫೆನ್ಸ್‌ನಲ್ಲಿ ಎಷ್ಟು ಎತ್ತರಕ್ಕೆ ಹೋಗಬಲ್ಲ ಅಂತ ನೋಡಬೇಕು, ಡಿಫೆನ್ಸ್‌ನಲ್ಲಿ ಎಷ್ಟು ಕೆಳಗೆ ಬೀಳ್ತಾನೆ ಅಂತ ನೋಡಬೇಕು. ಮೊದಲ 14 ಪಿಕ್ ಒಳಗೆ 60-40, ಅಫೆನ್ಸ್ ಕಡೆಗೆ. 20ರ ಆಚೆ ಸಮಸಮ. ಯಾಕಂದರೆ ತಡೆಯೋ ಗಾರ್ಡ್ ಕೊನೆಯಲ್ಲೂ ಸಿಗ್ತಾನೆ. ಅಲೆಕ್ಸ್ ಕರೂಸೋ, ಲೂ ಡಾರ್ಟ್ ಇಬ್ಬರನ್ನೂ ಡ್ರಾಫ್ಟ್‌ನಲ್ಲಿ ಯಾರೂ ಕೇಳಲೇ ಇಲ್ಲ. 2024ರಲ್ಲಿ ಒಕ್ಲಹೋಮ ತನ್ನ 6ನೇ ಪಿಕ್ ಜಾಶ್ ಗಿಡ್ಡಿಯನ್ನು ಕೊಟ್ಟು ಅದೇ ಕರೂಸೋನನ್ನು ತಂತು, ಮರುವರ್ಷ ಕಪ್ ಎತ್ತಿತು. ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಸುತ್ತು) ಅರ್ಧ ಕೋರ್ಟ್ ಆಟ, ಅಂದರೆ ಡಿಫೆನ್ಸ್ ಸಜ್ಜಾಗಿ ನಿಂತ ಮೇಲಿನ ಆಟ, ಆಡಿಸೋ ಗಾರ್ಡ್ ಕೊನೆಯಲ್ಲಿ ಸಿಗೋದು ಕಷ್ಟ. ಜೇಲನ್ ಬ್ರನ್ಸನ್ 33ನೇ ಪಿಕ್ ಅಂತ ಯಾರೋ ಹೇಳೇ ಹೇಳ್ತೀರಿ. ಒಪ್ಪಿದೆ, ಆದರೆ ಆ ಲಾಟರಿ ನಂಬಿಕೊಂಡು ತಂಡ ಕಟ್ಟೋಕಾಗಲ್ಲ.

ಈಗ ನಿಮ್ಮ ಎರಡನೆಯವನ ಶೇ. 29. ಇದನ್ನು ನೋಡಿ ಬಹಳ ಜನ ಅವನನ್ನು ಪಟ್ಟಿಯಿಂದಲೇ ತೆಗೆದುಬಿಟ್ಟಿದ್ದಾರೆ. ಅವಸರ ಬೇಡ. ಕಾಲೇಜಿನ ಒಂದು ಸೀಸನ್‌ನಲ್ಲಿ ಗಾರ್ಡ್ ಒಬ್ಬ 150 ತ್ರೀ ಪ್ರಯತ್ನ ಮಾಡಿದ ಅಂದುಕೊಳ್ಳಿ. ನಿಜಕ್ಕೂ ಶೇ. 35 ಹೊಡೆಯಬಲ್ಲವನಿಗೂ ಅಷ್ಟರಲ್ಲಿ ಅದೃಷ್ಟದಿಂದಲೇ ಶೇಕಡಾವಾರು 4 ಆಚೆ ಈಚೆ ಆಗೋದು ಮಾಮೂಲು, 8ರಷ್ಟು ಆದರೂ ಬೆಚ್ಚಿಬೀಳಬೇಕಿಲ್ಲ. ಜೊತೆಗೆ ಕಾಲೇಜಿನ ಗೆರೆ 22 ಅಡಿ ಚಿಲ್ಲರೆ, ಎನ್‌ಬಿಎದು ಮೂಲೆ ಬಿಟ್ಟರೆ 23 ಅಡಿ 9 ಇಂಚು. ಅದಕ್ಕೇ ಫ್ರೀ ಥ್ರೋ ನೋಡೋದು: ಎಲ್ಲ ಕಡೆ ಒಂದೇ ದೂರ, ಎದುರಿಗೆ ಯಾರೂ ಇಲ್ಲ, ಕೈಯ ಗುಣ ಮಾತ್ರ ಕಾಣುತ್ತೆ.

ಡೇವಿಯನ್ ಮಿಚೆಲ್ 2021ರಲ್ಲಿ ಬೇಲರ್ ಕಾಲೇಜಿಗೆ ತ್ರೀ ಶೇ. 45ರ ಹತ್ತಿರ ಹೊಡೆದ, ಫ್ರೀ ಥ್ರೋ ಮಾತ್ರ ಶೇ. 64. ಡಿಫೆನ್ಸ್ ಅಂತೂ ಅವನ ಮುದ್ರೆ. ಸ್ಯಾಕ್ರಮೆಂಟೊ 9ನೇ ಪಿಕ್‌ಗೆ ತಗೊಂಡಿತು, ನಿಮ್ಮದೇ ನಂಬರ್. ಮೊದಲ ವರ್ಷ ತ್ರೀ ಶೇ. 32ಕ್ಕೆ ಇಳಿಯಿತು. ಆಮೇಲೆ ಸುಧಾರಿಸಿದ, ಆದರೆ 2024ರಲ್ಲಿ ಅವನನ್ನು ಬೇರೆ ತಂಡಕ್ಕೆ ಕಳಿಸಿಯಾಗಿತ್ತು. ಟೈರೀಸ್ ಮ್ಯಾಕ್ಸಿದು ತಿರುಗಾ ಮುರುಗಾ: ಕೆಂಟಕಿ ಕಾಲೇಜಿನಲ್ಲಿ ತ್ರೀ ಶೇ. 29, ಫ್ರೀ ಥ್ರೋ ಶೇ. 83. 2020ರಲ್ಲಿ 21ನೇ ಪಿಕ್‌ವರೆಗೆ ಜಾರಿದ, ಎರಡನೇ ಸೀಸನ್‌ನಲ್ಲಿ ಶೇ. 43ರ ಹತ್ತಿರ ಹೊಡೆದ. ನಿಮ್ಮ ಹುಡುಗನ ಅಂಕಿ ಯಾರ ಪಕ್ಕ ಕೂರುತ್ತೆ ನೋಡಿ. ಮ್ಯಾಕ್ಸಿ ಆಗ್ತಾನೆ ಅಂತಲ್ಲ; ಶೂಟಿಂಗ್ ಬಾಗಿಲು ಮುಚ್ಚಿಲ್ಲ ಅಂತ ಅಷ್ಟೇ.

ಆ ಬಾಗಿಲು ನಿಜಕ್ಕೂ ಮುಚ್ಚಿದ್ದರೆ ಎಂಥ ಡಿಫೆನ್ಸೂ ಉಳಿಸಲ್ಲ. ಮಟೀಸ್ ಥೈಬುಲ್ ಎರಡು ಸಲ ಆಲ್-ಡಿಫೆನ್ಸಿವ್ ತಂಡದಲ್ಲಿದ್ದ (ಲೀಗ್‌ನ ಒಳ್ಳೆ ಡಿಫೆಂಡರ್‌ಗಳ ವರ್ಷದ ಪಟ್ಟಿ). ಆದರೂ ಫಿಲಡೆಲ್ಫಿಯಾ ಚೆಂಡು ಹಿಡಿದಾಗ ಎದುರಾಳಿ ಅವನನ್ನು ಮೂಲೆಯಲ್ಲೇ ಬಿಟ್ಟು ತಂಡದ ದೊಡ್ಡ ಸ್ಕೋರರ್ ಎಂಬೀಡ್ ಮುಂದೆ ಹೋಗಿ ನಿಲ್ಲುತ್ತಿದ್ದರು. ಕ್ರಿಕೆಟ್‌ನಲ್ಲಾದರೆ ಬ್ಯಾಟು ಬಾರದ ಬೌಲರನ್ನು 11ನೇ ಸ್ಥಾನದಲ್ಲಿ ಅಡಗಿಸಬಹುದು. ಇಲ್ಲಿ ಐದೇ ಜನ, ಅಡಗಿಸೋಕೆ ಜಾಗ ಇಲ್ಲ.

ಡಿಫೆನ್ಸನ್ನು ಅಂಕಿಯಲ್ಲಿ ಅಳೆಯೋಕೆ ಹೋಗಬೇಡಿ, ಅದರಲ್ಲೂ ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯೋದು) ನಂಬಬೇಡಿ. ಪಾಸ್ ಹಾದಿಗೆ ಕಣ್ಣುಮುಚ್ಚಿ ಹಾರೋನಿಗೂ ಸ್ಟೀಲ್ ಸಿಗುತ್ತೆ. ಸಿಗದ ಮೂರು ಸಲ ಅವನ ಹಿಂದೆ ಲೇಅಪ್ (ಬುಟ್ಟಿ ಪಕ್ಕದ ಸುಲಭ ಹೊಡೆತ) ಆಗಿರೋದು ಆ ಕಾಲಂನಲ್ಲಿ ಬರಲ್ಲ. ತಂಡ ಬರೀ ಜೋನ್ (ಆಟಗಾರನ ಬದಲು ಜಾಗ ಕಾಯೋದು) ಆಡುತ್ತಿದ್ದರಂತೂ ಹುಡುಗ ಒಬ್ಬನನ್ನು ಒಬ್ಬನೇ ಕಾಯೋದು ನಿಮಗೆ ಕಾಣೋದೇ ಇಲ್ಲ. ಮೂರು ಪೂರ್ತಿ ಪಂದ್ಯ ನೋಡಿ, ಹೈಲೈಟ್ಸ್ ಅಲ್ಲ. ಅವನ ಮೇಲೆ ಬಂದ ಸ್ಕ್ರೀನ್‌ಗಳನ್ನು ಮಾತ್ರ ಎಣಿಸಿ, 30-40 ಸಿಕ್ಕರೆ ಸಾಕು. ಸ್ಕ್ರೀನ್ ಹಾಕೋನು ಹತ್ತಿರ ಬರೋ ಮೊದಲೇ ಇವನು ಚೆಂಡಿನವನಿಗೆ ಅಂಟಿಕೊಂಡು, ಮುಂದಿನ ಕಾಲನ್ನು ಸ್ಕ್ರೀನರ್‌ನ ಪಾದದ ಆಚೆ ಇಟ್ಟು, ಭುಜ ಓರೆ ಮಾಡಿ ನುಸುಳ್ತಾನಾ? ಇಲ್ಲ, ಎದೆ ಕೊಟ್ಟು ಗುದ್ದಿಕೊಂಡು ನಿಂತುಬಿಡ್ತಾನಾ? ನುಸುಳಿದವನು ಎರಡು ಡ್ರಿಬಲ್ ಒಳಗೆ ಮತ್ತೆ ಎದುರಿಗೆ ಬರಬೇಕು. ನನ್ನ ಅಂದಾಜಿನ ಗೆರೆ, ಹತ್ತರಲ್ಲಿ ಆರು ಸಲ. ಹಿಂದೆ ಬಿದ್ದಾಗ ಎದುರಾಳಿಯ ಬೆನ್ನಿಗೆ ಕೈ ಹಚ್ಚೋ ಅಭ್ಯಾಸ ಇದ್ದರೆ ಎನ್‌ಬಿಎಯಲ್ಲಿ ಅದು ಫೌಲ್ ಆಗುತ್ತೆ, ಬರೆದಿಟ್ಟುಕೊಳ್ಳಿ.

ಮೊದಲನೆಯವನಿಗೂ ಇದೇ ಪರೀಕ್ಷೆ, ಆದರೆ ಗೆರೆ ಕೆಳಗೆ. ಅವನು ತಡೆಯಬೇಕಿಲ್ಲ; ಸೋತ ಮೇಲೆ ಬಿಟ್ಟುಕೊಡದೆ ಹಿಂದೆ ಓಡಿ ಬಂದರೆ ಸಾಕು. 19ರ ಹುಡುಗನಾದರೆ ಮೈ ತುಂಬಿಕೊಳ್ಳುತ್ತೆ, 22 ಆದರೆ ಕಂಡದ್ದೇ ಹೆಚ್ಚುಕಡಿಮೆ ಕೊನೆ. ಉದ್ದ ಮಾತ್ರ ಯಾವ ಕೋಚೂ ಕೊಡಲಾರ. ಕೈಚಾಚು ಎತ್ತರಕ್ಕಿಂತ 3 ಇಂಚಾದರೂ ಜಾಸ್ತಿ ಇದೆಯಾ ನೋಡಿ. 2019ಕ್ಕಿಂತ ಹಳೆಯ ಆಟಗಾರರಿಗೆ ಹೋಲಿಸುವಾಗ ಹುಷಾರು, ಆಗೆಲ್ಲ ತಂಡಗಳು ಶೂ ಹಾಕಿದ ಎತ್ತರವನ್ನೂ ಬರೆಯುತ್ತಿದ್ದವು.

ಖಾಲಿ ತಂಡ ಆಗಿದ್ದರೆ ನಾನು ಯೋಚಿಸದೆ ಮೊದಲನೆಯವನನ್ನೇ ಹೇಳ್ತಿದ್ದೆ. ನಿಮ್ಮ ತಂಡದಲ್ಲಿ ಅವನ ಪಡಿಯಚ್ಚು ಆಗಲೇ ಇದ್ದಾನೆ. ಇಬ್ಬರು ಕುಳ್ಳರನ್ನು ಒಟ್ಟಿಗೆ ನಿಲ್ಲಿಸಿದರೆ ಎದುರಾಳಿಗೆ ಹುಡುಕೋ ಶ್ರಮವೂ ಇಲ್ಲ. ಅಟ್ಲಾಂಟಾ ಮಾಡಿದ್ದನ್ನು ನೋಡಿ: 2024ರಲ್ಲಿ ಟ್ರೇ ಯಂಗ್ ಪಕ್ಕಕ್ಕೆ ಡೈಸನ್ ಡೇನಿಯಲ್ಸ್‌ನನ್ನು ತಂದರು. ಎದುರಾಳಿಯ ದೊಡ್ಡ ಸ್ಕೋರರ್ ಡೇನಿಯಲ್ಸ್‌ಗೆ, ಸುಲಭದವನು ಯಂಗ್‌ಗೆ. ಆ ಸೀಸನ್ ಡೇನಿಯಲ್ಸ್ ಪಂದ್ಯಕ್ಕೆ 3 ಸ್ಟೀಲ್‌ನೊಂದಿಗೆ ಲೀಗ್‌ಗೇ ಮೊದಲಿಗ. (ಸ್ಟೀಲ್ ನಂಬಬೇಡಿ ಅಂದವನೇ ಇದನ್ನು ಹೇಳ್ತಿದ್ದೀನಿ, ಗೊತ್ತು. ಅವನ ವಿಡಿಯೋನೂ ಅದನ್ನೇ ಹೇಳುತ್ತೆ.)

ಹಾಗಾಗಿ ನನ್ನ ಓಟು ಎರಡನೆಯವನಿಗೆ, ಒಂದು ಷರತ್ತಿನ ಮೇಲೆ. ಅವನು ಪಂದ್ಯಕ್ಕೆ ಎಷ್ಟು ತ್ರೀ ಪ್ರಯತ್ನ ಮಾಡ್ತಾನೆ ಅನ್ನೋದನ್ನು ನೀವು ಹಾಕಿಲ್ಲ. ನಾಲ್ಕರ ಹತ್ತಿರ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಎರಡಕ್ಕಿಂತ ಕಡಿಮೆ ಇದ್ದರೆ ಹೊಡೆಯೋಕೇ ಹೆದರ್ತಾನೆ ಅಂತ ಅರ್ಥ, ಆಗ ನಿಮ್ಮ 9ನೇ ಪಿಕ್ ಬೇರೆ ತಂಡಕ್ಕೆ ಕೊಟ್ಟು 14-15ಕ್ಕೆ ಇಳಿದು, ಇನ್ನೊಂದು ಪಿಕ್ ಜೊತೆಗೆ ಕೇಳಿ.