ಸಿಮೋನ್ ಬೊಲಿವಾರ್‌ನನ್ನು ಕೆಲವರು ವಿಮೋಚಕ, ಕೆಲವರು ಸರ್ವಾಧಿಕಾರಿ ಎನ್ನುವುದೇಕೆ?

ಎರಡೂ ನಿಜವಾದ್ದರಿಂದ. ದಕ್ಷಿಣ ಅಮೆರಿಕದಲ್ಲಿ ವೆನೆಜುವೆಲಾದಿಂದ ಪೆರುವಿನವರೆಗೆ ಸ್ಪೇನಿನ ಆಳ್ವಿಕೆ ಕಿತ್ತೊಗೆದ ಹೋರಾಟದ ಮುಂದಾಳು ಅವನೇ. ಕೊಲಂಬಿಯಾ, ವೆನೆಜುವೆಲಾ, ಈಕ್ವೆಡಾರ್‌ಗಳು ಒಂದಾಗಿದ್ದ ಗ್ರಾನ್ ಕೊಲಂಬಿಯಾ ದೇಶದಲ್ಲಿ 1828ರ ಆಗಸ್ಟ್‌ನಲ್ಲಿ ಸಂವಿಧಾನ ಬದಿಗಿಟ್ಟು ಸರ್ವಾಧಿಕಾರ ಕೈಗೆತ್ತಿಕೊಂಡವನೂ ಅವನೇ.

ಇದರ ಬೇರು 1812ರಲ್ಲಿದೆ. ಆ ವರ್ಷ ವೆನೆಜುವೆಲಾದ ಮೊದಲ ಗಣರಾಜ್ಯ ಕುಸಿಯಿತು. ಪ್ರಾಂತ್ಯಗಳಿಗೆ ಅಧಿಕಾರ ಹಂಚಿ ಕೇಂದ್ರ ಸೊರಗಿದ್ದೇ ಮುಖ್ಯ ಕಾರಣವೆಂದು ಬೊಲಿವಾರ್ ಬರೆದ, ಆ ಪಾಠವನ್ನು ಕೊನೆತನಕ ಬಿಡಲಿಲ್ಲ. 1826ರಲ್ಲಿ ಬೊಲಿವಿಯಾಕ್ಕೆ ಅವನು ರಚಿಸಿಕೊಟ್ಟ ಸಂವಿಧಾನದಲ್ಲಿ ಅಧ್ಯಕ್ಷ ಸಾಯುವವರೆಗೂ ಅಧ್ಯಕ್ಷನೇ. ಮುಂದೆ ಆ ಸ್ಥಾನಕ್ಕೇರುವ ಉಪಾಧ್ಯಕ್ಷನನ್ನು ಸೂಚಿಸುವವನೂ ಅವನೇ. ಕಿರೀಟವಿಲ್ಲದ ಅರಸೊತ್ತಿಗೆಯಂತೆ ಕಂಡ ಇದನ್ನು ಹಳೆಯ ಜೊತೆಗಾರರೇ ವಿರೋಧಿಸಿದ್ದು ನನಗೆ ಸಹಜವೆನಿಸುತ್ತದೆ. 1828ರ ಸೆಪ್ಟೆಂಬರ್ 25ರ ರಾತ್ರಿ ಬೊಗೋಟಾದಲ್ಲಿ ಕೊಲೆಗಾರರು ಮನೆಗೇ ನುಗ್ಗಿದರು. ಸಂಗಾತಿ ಮಾನುವೇಲಾ ಸಾಯೆನ್ಸ್ ಆ ಕೊಲೆಗಾರರಿಗೆ ಎದುರು ನಿಂತು ಹೊತ್ತು ಕಳೆದಳು. ಅವನು ಕಿಟಕಿಯಿಂದ ಹಾರಿ, ಸೇತುವೆಯಡಿ ಅವಿತು ಬದುಕಿದ.

ಗುಲಾಮಗಿರಿಯ ವಿಷಯದಲ್ಲೂ ಮಾತು ಅರ್ಧಕ್ಕೇ ನಿಂತಿತು. 1816ರಲ್ಲಿ ಹೈಟಿಯ ಅಧ್ಯಕ್ಷ ಪೆಟಿಯೋನ್, ಗುಲಾಮರನ್ನು ಬಿಡಿಸುವ ಭಾಷೆ ಪಡೆದೇ ಅವನಿಗೆ ಬಂದೂಕು, ಮದ್ದುಗುಂಡು ಕೊಟ್ಟಿದ್ದ. ಬೊಲಿವಾರ್ ತನ್ನ ಗುಲಾಮರನ್ನು ಬಿಡುಗಡೆ ಮಾಡಿದ. ಆದರೆ ಶಾಸನಸಭೆ ಪೂರ್ಣ ವಿಮೋಚನೆಗೆ ಒಪ್ಪಲಿಲ್ಲ. ವೆನೆಜುವೆಲಾದಲ್ಲಿ ಅದು ಆದದ್ದು 1854ರಲ್ಲಿ, ಅವನು ಸತ್ತು 24 ವರ್ಷಗಳ ಮೇಲೆ.