ಹಳೇ ಬೇಸ್ ಗಿಟಾರಿಗೆ ಹೊಸ ಬಿಡಿಭಾಗ: ಎಲ್ಲವನ್ನೂ ಬದಲಿಸಬೇಕಾ?

ಪ್ರಶ್ನೆ: ನನ್ನ ಹತ್ತಿರ ನಾಲ್ಕು ಸ್ಟ್ರಿಂಗಿನ, ಜಾಝ್ ಬೇಸ್ ಮಾದರಿಯ ಗಿಟಾರ್ ಉಂಟು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಹತ್ತು ವರ್ಷ ಆಯಿತು. ಭಾನುವಾರ ಚರ್ಚಿನಲ್ಲಿ, ಸೀಸನ್ ಬಂದರೆ ಮದುವೆ, ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮಗಳಲ್ಲಿ ನುಡಿಸುತ್ತೇನೆ. ಈಗ ಕೇಬಲ್ ಸ್ವಲ್ಪ ಅಲುಗಿದರೂ ಕರಕರ ಶಬ್ದ. ವಾಲ್ಯೂಮ್ ತಿರುಗಿಸಿದರೂ ಅದೇ ಕಥೆ. ಇ ಸ್ಟ್ರಿಂಗಿನ ಶ್ರುತಿ ಎರಡು ಹಾಡಿಗೊಮ್ಮೆ ಇಳಿಯುತ್ತದೆ. ಸ್ಟ್ರಿಂಗಿನ ಕೆಳತುದಿ ಹಿಡಿದಿರುವ ಬ್ರಿಡ್ಜಿನ ಸಣ್ಣ ಸ್ಕ್ರೂಗಳು ತುಕ್ಕು ಹಿಡಿದು ತಿರುಗುವುದೇ ಇಲ್ಲ. ಅಂಗಡಿಯವರು ಶ್ರುತಿ ಸೇರಿಸುವ ಕೀ, ಬ್ರಿಡ್ಜ್, ಒಳಗಿನ ವೈರಿಂಗ್ ಎಲ್ಲ ಒಟ್ಟಿಗೆ ಹೊಸದು ಹಾಕಿ ಎನ್ನುತ್ತಾರೆ. ಹಾಕಿಸಲೇ?
– ಮಂಗಳೂರಿನ ಓದುಗರು

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಹೊಸದು ಬೇಕಾಗುವುದು ಬಹುಶಃ ಒಂದಕ್ಕೇ, ಅದು ಕೇಬಲ್ ಸಿಕ್ಕಿಸುವ ಜಾಕ್. ಅದು ನಾಲ್ಕರಲ್ಲೂ ಅಗ್ಗದ್ದು.

ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಆಗಲೂ ಕರಕರ ಎಂದರೆ ಜಾಕ್ ಒಳಗಿನ ನಾಲಿಗೆ ಸಡಿಲವಾಗಿದೆ ಎಂದೇ ಲೆಕ್ಕ. 6.35 ಮಿ.ಮೀ. ಪ್ಲಗ್ಗನ್ನು ಒತ್ತಿ ಹಿಡಿಯಬೇಕಾದ್ದು ಆ ನಾಲಿಗೆ. ಜಾಝ್ ಮಾದರಿಯಲ್ಲಿ ನಾಬ್‌ಗಳೂ ಜಾಕೂ ಒಂದೇ ಲೋಹದ ಪ್ಲೇಟಿನಲ್ಲಿ ಇರುತ್ತವೆ. ಪ್ಲೇಟಿನ ಸ್ಕ್ರೂ ಬಿಚ್ಚಿದರೆ ಎಲ್ಲವೂ ಕಣ್ಣೆದುರಿಗೆ. ಜಾಕಿಗೆ ಎರಡು ಕಡೆ ಬೆಸುಗೆ ಇರುತ್ತದೆ: ನಾಲಿಗೆಯ ಕಡೆಯದು ಸಿಗ್ನಲ್, ಇನ್ನೊಂದು ಗ್ರೌಂಡ್. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಹೊಸ ಜಾಕ್ ಕೂರಿಸುವಾಗ ಹಲ್ಲಿರುವ ವಾಷರ್ ಮರೆಯಬೇಡಿ. ನಟ್ ಬಿಗಿ ಮಾಡುವಾಗ ಜಾಕನ್ನು ಒಳಗಿನಿಂದ ಬೆರಳಲ್ಲಿ ಹಿಡಿದುಕೊಳ್ಳಿ. ಇದನ್ನು ನಾನು ಕಲಿತದ್ದು ಒಂದು ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ. ಸಡಿಲಾಗಿದ್ದ ನಟ್ಟನ್ನು ಹೊರಗಿನಿಂದಲೇ ಇಕ್ಕಳ ಹಾಕಿ ಜೋರಾಗಿ ತಿರುವಿದೆ. ಒಳಗೆ ಜಾಕ್ ಸಮೇತ ತಿರುಗಿ ವೈರ್ ಕಿತ್ತುಬಂತು. ಆ ದಿನ ಬೇಸ್ ಇಲ್ಲದೆಯೇ ಕಾರ್ಯಕ್ರಮ ಶುರುವಾಯಿತು.

ವಾಲ್ಯೂಮ್ ನಾಬಿನ ಶಬ್ದ ಹೆಚ್ಚಾಗಿ ಅದರ ಅಡಿಯ ಪಾಟ್ ಎಂಬ ಬಿಡಿಭಾಗದೊಳಗೆ ಸೇರಿದ ಧೂಳಿನದು. ಪಾಟ್‌ನ ಹಿಂಬದಿಯ ಸಣ್ಣ ಸಂದಿಯಿಂದ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಸಿಂಪಡಿಸಿ, ನಾಬನ್ನು ಇಪ್ಪತ್ತು ಮೂವತ್ತು ಸಲ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಹೊಲಿಗೆ ಮಷೀನಿನ ಎಣ್ಣೆ ಬಿಡಬೇಡಿ, ಅದು ಇನ್ನಷ್ಟು ಧೂಳು ಹಿಡಿಯುತ್ತದೆ. ಕ್ಲೀನರಿಗೂ ಬಗ್ಗದಿದ್ದರೆ ಪಾಟ್ ಬದಲಿಸಿ. ಈ ಮಾದರಿಯಲ್ಲಿ ಸಾಮಾನ್ಯವಾಗಿ ಇರುವುದು 250 ಕಿಲೋ ಓಮ್, ಆಡಿಯೊ ಟೇಪರ್. ಏಷ್ಯಾದಲ್ಲಿ ತಯಾರಾದ ಪಾಟ್‌ಗಳ ಮೇಲೆ ಎ250ಕೆ ಎಂದು ಬರೆದಿರುತ್ತದೆ. ಕೊಳ್ಳುವ ಮುಂಚೆ ಪ್ಲೇಟಿನ ತೂತು ಅಳೆಯಿರಿ. ಚಿಕ್ಕ ಪಾಟಿಗೆ ಸುಮಾರು 7 ಮಿ.ಮೀ. ತೂತು ಸಾಕು, ದೊಡ್ಡದಕ್ಕೆ ಸುಮಾರು 10 ಬೇಕು. ನಿಮ್ಮ ನಾಬಿಗೆ ಪಕ್ಕದಲ್ಲಿ ಪುಟ್ಟ ಸ್ಕ್ರೂ ಇದೆಯೋ ಅಥವಾ ಸುಮ್ನೆ ಒತ್ತಿ ಕೂರಿಸುವಂಥದ್ದೋ ಅದನ್ನೂ ನೋಡಿಕೊಳ್ಳಿ. ಸ್ಕ್ರೂ ನಾಬಿಗೆ ನುಣುಪು ಕಡ್ಡಿಯ ಪಾಟ್ ಬೇಕು, ಒತ್ತುವ ನಾಬಿಗೆ ಸೀಳಿದ, ಗೆರೆಗಳಿರುವ ಕಡ್ಡಿಯದು.

ಈಗ ಇ ಸ್ಟ್ರಿಂಗ್. ಇಲ್ಲಿ ಅಂಗಡಿಯವರ ಮಾತು ನಾನು ಒಪ್ಪುವುದಿಲ್ಲ. ವೀಣೆಯ ಬಿರಡೆ ನಿಲ್ಲುವುದು ಮರಕ್ಕೆ ಮರ ಉಜ್ಜಿ ಹಿಡಿದುಕೊಂಡಿರುವುದರಿಂದ. ಹಿಡಿತ ತಪ್ಪಿದರೆ ಜಾರುತ್ತದೆ. ಬೇಸ್ ಗಿಟಾರಿನ ಕೀ ಹಾಗಲ್ಲ. ಅಲ್ಲಿ ತಿರುಪಿನಂಥ ಒಂದು ಗೇರು ಹಲ್ಲುಚಕ್ರವನ್ನು ತಿರುಗಿಸುತ್ತದೆ. ಚಕ್ರಕ್ಕೆ ಆ ತಿರುಪನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಹಾಗಾಗಿ ಶ್ರುತಿ ಇಳಿದರೆ ತಪ್ಪು ಬೇರೆ ಕಡೆ ಇರುವ ಸಾಧ್ಯತೆಯೇ ಜಾಸ್ತಿ.

ಸ್ಟ್ರಿಂಗ್ ಸುತ್ತಿರುವ ಕಂಬ ನೋಡಿ. ಒಂದೇ ಸುತ್ತು ಇದೆಯಾ, ಅಥವಾ ಸುತ್ತುಗಳು ಒಂದರ ಮೇಲೊಂದು ಏರಿವೆಯಾ? ಎರಡೂ ತಪ್ಪು. ಎರಡರಿಂದ ಮೂರು ಸುತ್ತು, ಮೇಲಿನಿಂದ ಕೆಳಕ್ಕೆ ಒತ್ತೊತ್ತಾಗಿ ಇಳಿಯಬೇಕು. ಹೊಸ ಸ್ಟ್ರಿಂಗ್ ಹಾಕುವಾಗ ಕಂಬದಿಂದ ನಾಲ್ಕೈದು ಇಂಚು ಮುಂದೆ ಅಳೆದು, ಮೊದಲು ಮಡಚಿ, ಆಮೇಲೆ ಮಡಿಕೆಯ ಆಚೆಗೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಮೇಲಿನ ಸುತ್ತುತಂತಿ ಬಿಚ್ಚಿಕೊಂಡು ಸ್ಟ್ರಿಂಗ್ ಸತ್ತ ಹಾಗೆ ಕೇಳುತ್ತದೆ. ಆಮೇಲೆ ಹಲ್ಲುಚಕ್ರದ ನಡುವಿನ ಸ್ಕ್ರೂ, ಕೀಯನ್ನು ಮರಕ್ಕೆ ಹಿಡಿದಿರುವ ಸ್ಕ್ರೂಗಳು, ಮುಂಬದಿಯಲ್ಲಿ ಕಂಬದ ಸುತ್ತ ಇರುವ ಬುಶ್ ಎಲ್ಲವನ್ನೂ ಒಮ್ಮೆ ಬಿಗಿ ಮಾಡಿ. ಶ್ರುತಿ ಸೇರಿಸುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೇಲೆ ಹೋಗಿಬಿಟ್ಟರೆ ಚೆನ್ನಾಗಿ ಇಳಿಸಿ ಮತ್ತೆ ಏರಿಸಿ.

ಇಷ್ಟೆಲ್ಲ ಆದ ಮೇಲೂ ಕೀಯ ಕಿವಿ (ಬೆರಳಲ್ಲಿ ಹಿಡಿದು ತಿರುಗಿಸುವ ಭಾಗ) ಅರ್ಧ ಸುತ್ತು ತಿರುಗಿದರೂ ಕಂಬ ಅಲ್ಲಾಡದಿದ್ದರೆ ಹಲ್ಲು ಸವೆದಿದೆ. ಆಗ ಅದೊಂದೇ ಕೀ ಬದಲಿಸಿ, ಬಿಡಿಯಾಗಿಯೂ ಸಿಗುತ್ತದೆ. ಹಳೆಯದನ್ನು ಬಿಚ್ಚಿ ಮರದ ತೂತನ್ನು ಕ್ಯಾಲಿಪರಿನಲ್ಲಿ ಅಳೆದುಕೊಂಡೇ ಅಂಗಡಿಗೆ ಹೋಗಿ. ಬೇಸ್ ಕೀಗಳಲ್ಲಿ 14 ಮಿ.ಮೀ. ತೂತಿನವೂ ಇವೆ, 17.5ರವೂ ಇವೆ. ಕೂದಲೆಳೆಯಷ್ಟು ಬಿಗಿ ಅನಿಸಿದರೆ ರೀಮರಿನಿಂದ ಕೈಯಲ್ಲೇ ಅಗಲಿಸಿ. ಡ್ರಿಲ್ ಮುಟ್ಟಬೇಡಿ. ಬಿಟ್ ಕಚ್ಚಿಕೊಂಡರೆ ತೂತಿನ ಸುತ್ತಲಿನ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ.

ಇನ್ನು ಬ್ರಿಡ್ಜ್. ಮಂಗಳೂರಿನ ಉಪ್ಪುಗಾಳಿ, ಅದರ ಮೇಲೆ ಅಂಗೈ ಬೆವರು. ತುಕ್ಕು ಹಿಡಿಯದಿದ್ದರೆ ಆಶ್ಚರ್ಯ. ಬ್ರಿಡ್ಜಿನ ಮೇಲೆ ಸ್ಟ್ರಿಂಗ್ ಕೂರುವ ಸ್ಯಾಡಲ್‌ಗಳನ್ನು ಹಿಂದಿನ ಸ್ಕ್ರೂ ಬಿಚ್ಚಿ ಸ್ಪ್ರಿಂಗ್ ಸಮೇತ ಹೊರಗೆ ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆಯೂ ಹಟ ಮಾಡಿದರೆ ಎಣ್ಣೆ ಪೂರಾ ಒರೆಸಿ, ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್ನಿನ ತುದಿ ಅರ್ಧ ನಿಮಿಷ ತಾಗಿಸಿ. ಬಿಸಿಗೆ ಲೋಹ ಹಿಗ್ಗಿ ಹಿಡಿತ ಬಿಡುತ್ತದೆ. ಅಲೆನ್ ಕೀ ಸರಿಯಾದ ಅಳತೆಯದೇ ಇರಲಿ. 1/16 ಇಂಚಿನ ಕುಳಿಗೆ 1.5 ಮಿ.ಮೀ. ಕೀ ಕೂರುತ್ತದೆ, ಆದರೆ ಸಡಿಲ. ಒತ್ತಿ ತಿರುಗಿಸಿದರೆ ಒಳಗಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಹಳೆ ಸ್ಕ್ರೂ ಹೊರಬಂದರೆ ಅದೇ ಅಳತೆಯ ಸ್ಟೇನ್‌ಲೆಸ್ ಸ್ಟೀಲಿನವು ಹಾಕಿ. ಹೊಸದು ಬೆರಳಲ್ಲೇ ಎರಡು ಮೂರು ಸುತ್ತು ಹೋಗದಿದ್ದರೆ ಒತ್ತಾಯ ಬೇಡ, ಮರೆ (ಸ್ಕ್ರೂವಿನ ತಿರುಪುಗೆರೆ) ಬೇರೆ ಇದೆ ಎಂದರ್ಥ.

ಮರೆಯೇ ಹಾಳಾಗಿದ್ದರೆ ಮಾತ್ರ ಹೊಸ ಬ್ರಿಡ್ಜ್. ಭಾರದ ಬ್ರಿಡ್ಜ್ ಹಾಕಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಹೇಳುವವರು ತುಂಬ ಜನ. ನನ್ನ ಕಿವಿಗೆ ಆ ವ್ಯತ್ಯಾಸ ಬೆಲೆಗೆ ತಕ್ಕಷ್ಟು ಕೇಳಿಸಿಲ್ಲ. ಮರದಲ್ಲಿ ಈಗಿರುವ ಸ್ಕ್ರೂ ತೂತುಗಳಿಗೆ ಹೊಂದುವ, ಸ್ಟ್ರಿಂಗ್‌ಗಳ ನಡುವಿನ ಅಂತರವೂ ಅಷ್ಟೇ ಇರುವ ಬ್ರಿಡ್ಜ್ ಹುಡುಕಿ. ಹಳೆಯದರ ಕೆಳಗೆ ಒಂದು ಬರಿಯ ವೈರ್ ಕಾಣುತ್ತದೆ. ಅದು ಗ್ರೌಂಡ್. ಹೊಸ ಬ್ರಿಡ್ಜ್ ಅದನ್ನು ಒತ್ತಿಕೊಂಡೇ ಕೂರಬೇಕು, ಇಲ್ಲವಾದರೆ ಆಂಪ್ ಗುಂಯ್‌ಗುಡುತ್ತದೆ. ಸ್ಟ್ರಿಂಗ್ ನುಡಿಯುವ ಉದ್ದ 34 ಇಂಚಿರುವ ಬೇಸ್ ಆದರೆ ಹನ್ನೆರಡನೇ ಫ್ರೆಟ್‌ನಿಂದ ಜಿ ಸ್ಟ್ರಿಂಗಿನ ಸ್ಯಾಡಲ್‌ಗೆ ಸುಮಾರು 432 ಮಿ.ಮೀ. ಇಡಿ, ಇ ಕೆಲವು ಮಿ.ಮೀ. ಹಿಂದಿರಲಿ. ಆಮೇಲೆ ಹನ್ನೆರಡನೇ ಫ್ರೆಟ್ ಒತ್ತಿದ ಸ್ವರವನ್ನೂ ಅಲ್ಲಿಯ ಹಾರ್ಮೋನಿಕನ್ನೂ (ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಸ್ವರ) ಟ್ಯೂನರಿನಲ್ಲಿ ನೋಡಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಪ್ರಶ್ನೆ: ಸ್ಟ್ರ್ಯಾಪ್ ಸಿಕ್ಕಿಸುವ ಗುಂಡಿ ಪದೇ ಪದೇ ಕಿತ್ತು ಬರುತ್ತಿದೆ. ದಪ್ಪ ಸ್ಕ್ರೂ ಹಾಕಲೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಬೇಡ, ಮರ ಸೀಳಬಹುದು. ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿ ಮನೆಯಲ್ಲಿ ಇರುತ್ತದಲ್ವಾ? ಮೂರ್ನಾಲ್ಕು ತುಂಡನ್ನು ಫೆವಿಕಾಲಿನಲ್ಲಿ ಅದ್ದಿ ತೂತಿಗೆ ತುರುಕಿ. ಒಂದು ರಾತ್ರಿ ಒಣಗಲಿ. ಹೊರಗೆ ಉಳಿದದ್ದನ್ನು ಕತ್ತರಿಸಿ, ಸಣ್ಣ ತೂತು ಮಾಡಿ, ಹಳೆ ಸ್ಕ್ರೂವನ್ನೇ ಹಾಕಿ.

ಪ್ರಶ್ನೆ: ನನ್ನದು ಬ್ಯಾಟರಿ ಹಾಕುವ ಆಕ್ಟಿವ್ ಬೇಸ್. ಜಾಕ್ ನಾನೇ ಬದಲಿಸಿದೆ, ಈಗ ಶಬ್ದವೇ ಇಲ್ಲ. ಬ್ಯಾಟರಿ ಹೊಸದು.
– ಬೆಂಗಳೂರಿನ ಓದುಗರು

ಉತ್ತರ: ಮಾನೋ ಜಾಕ್ ಹಾಕಿರಬೇಕು. ಆಕ್ಟಿವ್ ಬೇಸಿನಲ್ಲಿ ಜಾಕ್ ಸ್ವಿಚ್ಚಿನ ಕೆಲಸವನ್ನೂ ಮಾಡುತ್ತದೆ. ಪ್ಲಗ್ ಹಾಕಿದಾಗ ಬ್ಯಾಟರಿಯ ಕಪ್ಪು ವೈರ್ ಗ್ರೌಂಡಿಗೆ ಸೇರುತ್ತದೆ. ಅದಕ್ಕೆ ಮೂರು ಕಡೆ ಬೆಸುಗೆ ಇರುವ ಸ್ಟೀರಿಯೊ ಜಾಕ್ ಬೇಕು. ನಡುವಿನ ರಿಂಗ್ ಸಂಪರ್ಕಕ್ಕೆ ಆ ಕಪ್ಪು ವೈರ್ ಹಾಕಿ, ಕೇಬಲ್ ಮಾತ್ರ ಮಾಮೂಲಿ ಮಾನೋ ಇರಲಿ. ನುಡಿಸಿ ಮುಗಿದ ಮೇಲೆ ಕೇಬಲ್ ಕೀಳಿ, ಇಲ್ಲವಾದರೆ ಬೆಳಗಾಗುವ ಹೊತ್ತಿಗೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.