1.8 ಸೆಕೆಂಡಿಗೊಂದು ಟಕ್

ನಾನು ಒಂದು ಸಣ್ಣ ಸ್ವತಂತ್ರ ರೆಕಾರ್ಡ್ ಲೇಬಲ್ ನಡೆಸುತ್ತೇನೆ, ಅಂದರೆ ಕಲಾವಿದರ ಹಾಡುಗಳನ್ನು ಆಲ್ಬಮ್ ಮಾಡಿ ಹೊರತರುವ ಸಂಸ್ಥೆ. 11 ವರ್ಷದಲ್ಲಿ 19 ಆಲ್ಬಮ್ ತಂದಿದ್ದೇನೆ. ಆಫೀಸು ಎಂದರೆ ಒಂದೇ ಕೋಣೆ. ಅದರಲ್ಲಿ ಅರ್ಧ ಜಾಗ ಪೆಟ್ಟಿಗೆಗಳದ್ದು. ಈ ಸಲ ಓದುಗರು ಕೇಳಿದ್ದೆಲ್ಲ ಈ ಕೆಲಸದ ಬಗ್ಗೆಯೇ.

ಪ್ರಶ್ನೆ: ಮೇಡಂ, ಈಗ ಯಾರು ಬೇಕಾದರೂ ಮನೆಯಿಂದಲೇ ಹಾಡು ಬಿಡುಗಡೆ ಮಾಡಬಹುದು ಅಲ್ವಾ? ಹಾಗಿದ್ದರೆ ಲೇಬಲ್‌ನವರು ದಿನವಿಡೀ ಮಾಡುವುದೇನು?

ಉತ್ತರ: ಜಾಸ್ತಿ ಹೊತ್ತು ಹೋಗುವುದು ಹೆಸರು ಮತ್ತು ಅಂಕಿಗಳ ಜೊತೆಗೆ. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಅದೇ ಹಾಡನ್ನು ವೇದಿಕೆಯಲ್ಲಿ ಹಾಡಿ ರೆಕಾರ್ಡ್ ಮಾಡಿದರೆ ಅದಕ್ಕೆ ಬೇರೆ ಗುರುತು. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಬದಲಾಯಿಸಿದರೂ ಹಳೆಯ ಗುರುತನ್ನೇ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಜನ ಅಷ್ಟು ವರ್ಷ ಕೇಳಿದ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಬಹುದು.

ಹೆಸರಿನ ಕಷ್ಟ ಇನ್ನೂ ದೊಡ್ಡದು. ನಮ್ಮ ಒಬ್ಬ ಗಾಯಕಿಯ ಹೊಸ ಹಾಡು ಆ್ಯಪ್‌ನಲ್ಲಿ ಅದೇ ಹೆಸರಿನ ಬೇರೊಬ್ಬರ ಪುಟಕ್ಕೆ ಹೋಗಿ ಕೂತಿತ್ತು. ಸರಿಪಡಿಸಿ ಎಂದು ನಾನು ಬರೆಯುತ್ತಾ ಹೋದೆ, ಆ ಕಡೆಯಿಂದ ಬರುತ್ತಿದ್ದದ್ದು ಯಂತ್ರ ಬರೆದ ಒಂದೇ ಉತ್ತರ. ಏಳು ವಾರ ಹಿಡಿಯಿತು. ಹೊಸ ಹಾಡಿಗೆ ಜನ ಕಿವಿ ಕೊಡುವುದು ಮೊದಲ ಒಂದೆರಡು ವಾರ. ಆ ಹೊತ್ತು ಮತ್ತೆ ಬರಲಿಲ್ಲ. ಆಕೆಗೆ ಏನು ಹೇಳಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಪ್ರಶ್ನೆ: ನಮ್ಮ ಆಲ್ಬಮ್ 52 ನಿಮಿಷ ಇದೆ. ಒಂದೇ ಎಲ್‌ಪಿ ರೆಕಾರ್ಡ್ ತಟ್ಟೆಯಲ್ಲಿ ಹಿಡಿಸಬಹುದು ಎಂದು ಕಾರ್ಖಾನೆಯವರು ಹೇಳುತ್ತಾರೆ. ಒಪ್ಪಿಕೊಳ್ಳಲೇ?

ಉತ್ತರ: ಹಿಡಿಯುತ್ತದೆ, ನಿಜ. ಆದರೆ ಕೇಳುವಾಗ ಬೇಜಾರಾಗುತ್ತದೆ. ಒಂದು ಬದಿಗೆ 26 ನಿಮಿಷ ತುಂಬಬೇಕಾದರೆ ಮುಳ್ಳು ಓಡುವ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಅದಕ್ಕಾಗಿ ಒಟ್ಟು ಸದ್ದನ್ನು ಇಳಿಸುತ್ತಾರೆ, ಬೇಸ್ ಕಡಿಮೆ ಮಾಡುತ್ತಾರೆ. ಸದ್ದು ಇಳಿದಷ್ಟೂ ತಟ್ಟೆಯ ಸರಸರ ಮೇಲೆದ್ದು ಕೇಳುತ್ತದೆ.

ಇನ್ನೊಂದು ವಿಷಯ ಬ್ಯಾಂಡ್‌ನವರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. 12 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ ಆ ಒಂದು ಸುತ್ತಿಗೆ ಮುಳ್ಳು ಸುಮಾರು 90 ಸೆಂಟಿಮೀಟರ್ ದಾರಿ ಸವೆಸುತ್ತದೆ. ನಡುವೆ ಅಂಟಿಸಿದ ಕಾಗದದ ಲೇಬಲ್ ಹತ್ತಿರ ಬಂದಾಗ 40 ಕೂಡ ಇರುವುದಿಲ್ಲ. ಅಷ್ಟೇ ಸಮಯದ ಸಂಗೀತ, ಅರ್ಧಕ್ಕಿಂತ ಕಡಿಮೆ ಜಾಗ. ಅದಕ್ಕೇ ಬದಿಯ ಕೊನೆಯ ಹಾಡಿನಲ್ಲಿ 'ಸ', 'ಶ' ಅಕ್ಷರಗಳು ಉಗುಳಿದಂತೆ ಕೇಳುತ್ತವೆ. ಜೋರಾದ ಹಾಡನ್ನು ಬದಿಯ ಮೊದಲಿಗೆ ಇಡಿ, ಮೆಲುದನಿಯ ಹಾಡನ್ನು ಕೊನೆಗೆ. ಒಂದು ಬದಿಗೆ 20 ನಿಮಿಷ ದಾಟದಿದ್ದರೆ ಒಳ್ಳೆಯದು. ಎರಡು ಹಾಡು ಕೈಬಿಡಿ, ಇಲ್ಲವೇ ಎರಡು ತಟ್ಟೆ ಮಾಡಿ. ಹಾಡು ಕೈಬಿಡುವ ಮಾತು ಬಂದಾಗ ಬ್ಯಾಂಡಿನಲ್ಲಿ ಜಗಳ ಆಗುತ್ತದೆ. ಆಗಲಿ. ಅಚ್ಚಾದ ಮೇಲೆ ಅಳುವುದಕ್ಕಿಂತ ಆ ಜಗಳ ವಾಸಿ.

ಪ್ರಶ್ನೆ: ಕಾರ್ಖಾನೆ ಮೂರು ಸಲ ದಿನಾಂಕ ಮುಂದೂಡಿದೆ. ನಾವು ಬಿಡುಗಡೆಯ ದಿನ ಘೋಷಿಸಿಬಿಡಬಹುದೇ?

ಉತ್ತರ: ದಯವಿಟ್ಟು ಬೇಡ. ಟೆಸ್ಟ್ ಪ್ರೆಸ್ಸಿಂಗ್, ಅಂದರೆ ಪರೀಕ್ಷೆಗೆಂದು ಮೊದಲು ಒತ್ತಿದ ಕೆಲವು ತಟ್ಟೆ, ಕೈಗೆ ಬಂದು, ಪೂರ್ತಿ ಕೇಳಿ, ಒಪ್ಪಿಗೆ ಕೊಡುವವರೆಗೆ ಯಾರಿಗೂ ದಿನ ಹೇಳಬೇಡಿ. ಲ್ಯಾಕರ್ ಎಂಬ ಮೆದು ಲೇಪವಿರುವ ತಟ್ಟೆಯ ಮೇಲೆ ಗೀರು ಕೊರೆದು, ಬೆಳ್ಳಿ ಹತ್ತಿಸಿ, ನಿಕಲ್ ಬೆಳೆಸಿ, ಪ್ರತಿಗಳನ್ನು ಒತ್ತುವ ಅಚ್ಚಾದ ಸ್ಟ್ಯಾಂಪರ್ ಮಾಡುವ ದಾರಿ ಉದ್ದ. ಎಲ್ಲಿ ಬೇಕಾದರೂ ನಿಲ್ಲಬಹುದು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಯಿತು. ಲ್ಯಾಕರ್ ತಟ್ಟೆ ತಯಾರಿಸುವವರು ಆಗ ಇಡೀ ಜಗತ್ತಿನಲ್ಲಿ ಇಬ್ಬರೇ. ಉಳಿದದ್ದು ಜಪಾನಿನ ಒಂದು ಕಾರ್ಖಾನೆ. ಇಂಥ ಬೆಂಕಿ ಎಷ್ಟೋ ದೂರದಲ್ಲಿರುವ ಸಣ್ಣ ಲೇಬಲ್‌ಗೂ ತಾಗುತ್ತದೆ.

ನಮ್ಮ ಏಳನೇ ಆಲ್ಬಮ್‌ಗೆ ನಾನು ಅವಸರಪಟ್ಟು ದಿನ ಘೋಷಿಸಿದ್ದೆ. ಐದು ಟೆಸ್ಟ್ ತಟ್ಟೆ ಬಂದವು. ಎರಡನೇ ಬದಿ, ಮೂರನೇ ಹಾಡು, ಬರೀ ಒಂದು ದನಿ ಮತ್ತು ಗಿಟಾರ್. ನಡುವೆ ಟಕ್. ಮತ್ತೆ ಟಕ್. ಗಡಿಯಾರ ಹಿಡಿದು ಕೂತೆ, ಸರಿಯಾಗಿ 1.8 ಸೆಕೆಂಡಿಗೊಂದು. ಒಂದೇ ತಟ್ಟೆಯಲ್ಲಿ ಇದ್ದರೆ ಅದು ಆ ತಟ್ಟೆಯ ದೋಷ, ಬಿಟ್ಟುಬಿಡಬಹುದು. ಐದನ್ನೂ ಹಾಕಿ ಕೇಳಿದೆ. ಐದರಲ್ಲೂ ಅದೇ ಜಾಗ. ಅಂದರೆ ದೋಷ ಸ್ಟ್ಯಾಂಪರ್‌ನಲ್ಲೋ ಅದಕ್ಕಿಂತ ಹಿಂದೆಯೋ ಇದೆ, 300 ಪ್ರತಿಗಳಲ್ಲೂ ಬರುತ್ತದೆ. "ಅಷ್ಟು ಯಾರಿಗೆ ಕೇಳುತ್ತೆ, ಬಿಡಿ" ಎಂದು ಕಾರ್ಖಾನೆಯವರು ಹೇಳಿದರು. ನಾನು ಬಿಡಲಿಲ್ಲ. ಮತ್ತೆ ಮಾಡಿಸಿದೆವು. ಹತ್ತು ವಾರ ತಡವಾಯಿತು. ಮುಂಚೆಯೇ ಹಣ ಕಟ್ಟಿದವರಿಗೆಲ್ಲ ಒಬ್ಬೊಬ್ಬರಿಗೂ ಬರೆದು ಕ್ಷಮೆ ಕೇಳಿದೆ. ನಾಲ್ವರು ಹಣ ವಾಪಸ್ ಕೇಳಿದರು, ಕೊಟ್ಟೆ. ಉಳಿದವರು ಕಾದರು.

ಪ್ರಶ್ನೆ: ಬ್ಯಾಂಡ್‌ನವರು ನನ್ನ ಗೆಳೆಯರೇ. ನಮ್ಮ ನಡುವೆ ಒಪ್ಪಂದ ಪತ್ರ ಬೇಕೇ?

ಉತ್ತರ: ಬೇಕು. 1980ರಲ್ಲಿ ವಾಷಿಂಗ್ಟನ್‌ನಲ್ಲಿ ಶುರುವಾದ ಡಿಸ್ಕಾರ್ಡ್ ಲೇಬಲ್ ಕಾಗದದ ಒಪ್ಪಂದವಿಲ್ಲದೆಯೇ ನಡೆದುಕೊಂಡು ಬಂದಿದೆ. ಖರ್ಚು ಕಳೆದು ಲಾಭ ಹಂಚಿಕೊಳ್ಳುತ್ತಾರೆ. ಅವರ ಮೇಲೆ ನನಗೆ ತುಂಬಾ ಗೌರವವಿದೆ. ಆದರೆ ನನ್ನ ಅನುಭವದಲ್ಲಿ ಗೆಳೆಯರ ಮನಸ್ಸು ಕೆಡುವುದು ಮೋಸದಿಂದಲ್ಲ, ಮರೆವಿನಿಂದ. ನಾನು ಒಂದು ಪುಟ ಬರೆಯುತ್ತೇನೆ. ರೆಕಾರ್ಡಿಂಗ್ ಯಾರದ್ದು, ಎಷ್ಟು ವರ್ಷ ನಮ್ಮ ಬಳಿ ಇರುತ್ತದೆ, ಯಾವ ಯಾವ ಖರ್ಚು ಮೊದಲು ಕಳೆಯುತ್ತೇವೆ, ಉಳಿದದ್ದರಲ್ಲಿ ಅರ್ಧರ್ಧ, ವರ್ಷಕ್ಕೆ ಎರಡು ಸಲ ಲೆಕ್ಕ. ಹಾಡು ಬರೆದವರ ಹಕ್ಕು ಬೇರೆ, ರೆಕಾರ್ಡಿಂಗ್‌ನ ಹಕ್ಕು ಬೇರೆ. ಹಾಡಿನ ಹಕ್ಕನ್ನು ನಾನು ಮುಟ್ಟುವುದಿಲ್ಲ. ಅದನ್ನೂ ಆ ಪುಟದಲ್ಲೇ ಬರೆದಿರುತ್ತೇನೆ.

ಪ್ರಶ್ನೆ: 180 ಪ್ರತಿ ಮಾರಾಟವಾಗದೆ ಮನೆಯಲ್ಲಿ ಕೂತಿವೆ. ಏನು ಮಾಡಲಿ?

ಉತ್ತರ: ಒಂದರ ಮೇಲೊಂದು ಮಲಗಿಸಬೇಡಿ, ನಿಲ್ಲಿಸಿ ಇಡಿ. ಬಿಸಿಲು ತಾಗದಿರಲಿ. ಬ್ಯಾಂಡ್ ಹಾಡುವ ಕಡೆಯೆಲ್ಲ ಹತ್ತು ಹತ್ತು ಕೊಟ್ಟು ಕಳಿಸಿ. ನಮ್ಮಲ್ಲಿ ಅಂಗಡಿಗಿಂತ ಕಾರ್ಯಕ್ರಮ ಮುಗಿದ ಮೇಲೆ ಹೋಗುವುದೇ ಜಾಸ್ತಿ.

ಪ್ರಶ್ನೆ: ಇಷ್ಟೆಲ್ಲ ಕಷ್ಟ ಇದ್ದೂ ಯಾಕೆ ಬಿಟ್ಟಿಲ್ಲ?

ಉತ್ತರ: ನಮ್ಮ ಎರಡನೇ ಆಲ್ಬಮ್ ಖರ್ಚು ತೀರಿಸಲು ಆರು ವರ್ಷ ತೆಗೆದುಕೊಂಡಿತು. ಅಷ್ಟರಲ್ಲಿ ಆ ಬ್ಯಾಂಡ್ ಒಡೆದಿತ್ತು. ಆದರೂ ವರ್ಷಕ್ಕೆರಡು ಸಲ ನಾಲ್ವರಿಗೂ ಲೆಕ್ಕ ಕಳಿಸುತ್ತಿದ್ದೆ. ಕೊನೆಯ ಸಾಲಿನಲ್ಲಿ ಯಾವಾಗಲೂ ಸೊನ್ನೆ. ಹನ್ನೆರಡನೇ ಲೆಕ್ಕದಲ್ಲಿ ಮೊದಲ ಸಲ ಒಂದು ಮೊತ್ತ ಬಂತು. ನಾಲ್ಕು ಪಾಲು ಮಾಡಿ ಕಳಿಸಿದೆ. ಬೇಸ್ ನುಡಿಸುತ್ತಿದ್ದವರ ಪಾಲಿಗೆ ಬಂದದ್ದು ಒಂದು ಸೆಟ್ ತಂತಿ ಕೊಳ್ಳುವಷ್ಟು. ಅವರು ವಾದ್ಯ ಮುಟ್ಟಿ ಎಷ್ಟೋ ವರ್ಷವಾಗಿತ್ತು. ಅವತ್ತು ರಾತ್ರಿಯೇ ಫೋನ್ ಮಾಡಿದರು. ಹಣದ ಮಾತೇ ಎತ್ತಲಿಲ್ಲ.

"ಇನ್ನೂ ಯಾರೋ ಕೇಳ್ತಿದ್ದಾರಾ?" ಎಂದರು.

ಹೌದು ಎಂದೆ. ಯಾವ ಹಾಡು ಎಂದು ಕೇಳಿದರು. ಲೆಕ್ಕದ ಹಾಳೆ ತೆರೆದು ಹೆಸರು ಓದಿದೆ. ಅವರೇ ಬರೆದ ಹಾಡು ಅದು.